ಯೂರೋಪಿನಲ್ಲಿದ್ದು ಕವರ್ಡ್ ಕಾಲ್ ಫಂಡ್ ಕೊಳ್ಳುವ ಮುಂಚೆ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

ಜರ್ಮನಿ, ನೆದರ್‌ಲ್ಯಾಂಡ್ಸ್, ಐರ್ಲೆಂಡ್ ಕಡೆ ದುಡಿಯುತ್ತಿರುವ ನಮ್ಮವರು ಈಗೀಗ ಒಂದು ಪ್ರಶ್ನೆಯನ್ನು ಜಾಸ್ತಿ ಕೇಳುತ್ತಿದ್ದಾರೆ. ಅಮೆರಿಕದವರ ವಿಡಿಯೋಗಳಲ್ಲಿ ಬರುವ, ತಿಂಗಳು ತಿಂಗಳು ದುಡ್ಡು ಹಂಚುವ ಕವರ್ಡ್ ಕಾಲ್ ಫಂಡ್‌ಗಳನ್ನು ಇಲ್ಲಿಂದ ಕೊಳ್ಳೋದು ಹೇಗೆ? ವರ್ಷಕ್ಕೆ ಶೇ 8, ಶೇ 10, ಕೆಲವಕ್ಕೆ ಇನ್ನೂ ಜಾಸ್ತಿ ಎಂದು ಬರೆದಿರುತ್ತದೆ. ಬ್ಯಾಂಕಿನ ಬಡ್ಡಿ ನೋಡಿದವರಿಗೆ ಆಸೆ ಹುಟ್ಟುವುದು ಸಹಜ ಅಲ್ವಾ?

ಕೊಳ್ಳೋದಕ್ಕೆ ಐದು ನಿಮಿಷ ಸಾಕು. ಆದರೆ ಆ ದುಡ್ಡು ಎಲ್ಲಿಂದ ಬರುತ್ತದೆ, ಅದಕ್ಕಾಗಿ ನಾವು ಏನನ್ನು ಬಿಟ್ಟುಕೊಡುತ್ತೇವೆ, ತೆರಿಗೆ ಕಳೆದ ಮೇಲೆ ಎಷ್ಟು ಉಳಿಯುತ್ತದೆ ಎಂದು ತಿಳಿಯಲು ಒಂದು ಸಂಜೆಯಾದರೂ ಬೇಕು. ಆ ಸಂಜೆಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಒಳಗೆ ಏನು ನಡೆಯುತ್ತದೆ ಎಂದು ಒಂದು ಕಾಗದದ ಮೇಲೆ ಬರೆದು ನೋಡಿ

ಫಂಡ್ ಮೊದಲು ಷೇರುಗಳನ್ನು ಕೊಳ್ಳುತ್ತದೆ. ಆಮೇಲೆ ಅವುಗಳ ಮೇಲೆ, ಅಥವಾ ಆ ಷೇರುಗಳ ಸೂಚ್ಯಂಕದ (ಇಂಡೆಕ್ಸ್) ಮೇಲೆ, ಕಾಲ್ ಆಪ್ಷನ್ ಮಾರುತ್ತದೆ. ಕಾಲ್ ಕೊಂಡವನಿಗೆ, ಬೆಲೆ ಒಂದು ಮಟ್ಟ ದಾಟಿದರೆ ಅದರ ಮೇಲಿನ ಲಾಭ ಸೇರುತ್ತದೆ. ಆ ಹಕ್ಕಿಗಾಗಿ ಅವನು ಮುಂಚೆಯೇ ದುಡ್ಡು ಕೊಡುತ್ತಾನೆ. ಅದೇ ಪ್ರೀಮಿಯಂ. ಫಂಡ್ ನಿಮಗೆ ಹಂಚುವ ಹಣದ ದೊಡ್ಡ ಪಾಲು ಇದೇ.

ಒಂದು ಲೆಕ್ಕ ಮಾಡೋಣ. ಸೂಚ್ಯಂಕ ಇವತ್ತು 100ರಲ್ಲಿದೆ. ಫಂಡ್ 100ರ ಮಟ್ಟದಲ್ಲೇ ಒಂದು ತಿಂಗಳ ಕಾಲ್ ಮಾರಿ 2 ಪಡೆಯಿತು ಎಂದುಕೊಳ್ಳಿ. ತಿಂಗಳ ಕೊನೆಗೆ ಸೂಚ್ಯಂಕ ಅಲ್ಲೇ ನಿಂತಿದ್ದರೆ ನಿಮ್ಮ ಹತ್ತಿರ 102 ಇರುತ್ತದೆ. 106ಕ್ಕೆ ಏರಿದ್ದರೂ 102 ಮಾತ್ರ, ಉಳಿದ 4 ಕಾಲ್ ಕೊಂಡವನದು. 90ಕ್ಕೆ ಇಳಿದಿದ್ದರೆ 92.

ಈಗ ಇದೇ ಕಾಲನ್ನು 103ರ ಮಟ್ಟದಲ್ಲಿ ಮಾರಿದೆ ಎನ್ನಿ. ಪ್ರೀಮಿಯಂ ಕಡಿಮೆ ಸಿಗುತ್ತದೆ, 0.8 ಅಂದುಕೊಳ್ಳೋಣ. 106ಕ್ಕೆ ಏರಿದರೆ 103.8 ನಿಮ್ಮದು. 90ಕ್ಕೆ ಇಳಿದರೆ 90.8. ಪ್ರೀಮಿಯಂ ಜಾಸ್ತಿ ಬೇಕೆಂದರೆ ಏರಿಕೆಯ ಪಾಲನ್ನು ಜಾಸ್ತಿ ಬಿಟ್ಟುಕೊಡಬೇಕು. ಇದನ್ನು ತಪ್ಪಿಸಿಕೊಳ್ಳುವ ಜಾಣ ದಾರಿ ಯಾವ ಫಂಡ್ ಮ್ಯಾನೇಜರ್ ಹತ್ತಿರವೂ ಇಲ್ಲ.

ಚನ್ನಗಿರಿ, ಶಿವಮೊಗ್ಗ ಕಡೆಯವರಿಗೆ ಅಡಿಕೆ ತೋಟವನ್ನು ಖೇಣಿಗೆ ಕೊಡುವುದು ಗೊತ್ತಿರುತ್ತದೆ. ಫಸಲು ಮರದಲ್ಲಿರುವಾಗಲೇ ಖೇಣಿದಾರ ದುಡ್ಡು ಕೊಡುತ್ತಾನೆ. ಆಮೇಲೆ ಧಾರಣೆ ಏರಿದರೆ ಲಾಭ ಅವನಿಗೆ. ಕವರ್ಡ್ ಕಾಲ್ ಇಲ್ಲಿಯವರೆಗೆ ಅದೇ ಥರ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಖೇಣಿಯಲ್ಲಿ ಧಾರಣೆ ಬಿದ್ದರೆ ನಷ್ಟವೂ ಖೇಣಿದಾರನದೇ. ಇಲ್ಲಿ ಹಾಗಲ್ಲ. ಬೆಲೆ ಬಿದ್ದರೆ ನಷ್ಟ ಪೂರ್ತಿ ನಿಮ್ಮದು, ಪ್ರೀಮಿಯಂ ಮಾತ್ರ ಸ್ವಲ್ಪ ಆಸರೆ. ಈ ಫಂಡ್‌ಗಳನ್ನು ಠೇವಣಿಯ ಸಾಲಿನಲ್ಲಿ ಇಡಬೇಡಿ. ಇವು ಷೇರು ಫಂಡ್‌ಗಳೇ.

ಹಂತ 2: ಇಲ್ಲಿ ಸಿಗುವ ಫಂಡ್ ಯಾವುದು ಎಂದು ಗುರುತಿಸಿ

ಅಮೆರಿಕದಲ್ಲಿ ನೋಂದಣಿಯಾದ ಜೆಇಪಿಐ, ಕ್ಯೂವೈಎಲ್‌ಡಿ ಥರದ ಇಟಿಎಫ್‌ಗಳನ್ನು (ಷೇರು ಪೇಟೆಯಲ್ಲೇ ಕೊಂಡು ಮಾರುವ ಫಂಡ್) ನಿಮ್ಮ ಆ್ಯಪ್‌ನಲ್ಲಿ ಹುಡುಕಿದರೆ ಖರೀದಿಗೆ ಬಿಡುವುದಿಲ್ಲ. ಇದು ಬ್ರೋಕರ್ ತಪ್ಪಲ್ಲ. 2018ರ ಜನವರಿಯಿಂದ ಪ್ರಿಪ್ಸ್ ಎನ್ನುವ ಯೂರೋಪಿಯನ್ ನಿಯಮ ಜಾರಿಯಲ್ಲಿದೆ. ಸಾಮಾನ್ಯ ಹೂಡಿಕೆದಾರರಿಗೆ ಫಂಡ್ ಮಾರಬೇಕಾದರೆ ಕೆಐಡಿ ಎನ್ನುವ ಮೂರು ಪುಟದ ಮಾಹಿತಿ ಪತ್ರ ಇರಲೇಬೇಕು. ಅಮೆರಿಕದ ಫಂಡ್ ಕಂಪನಿಗಳು ತಮ್ಮ ದೇಶದ ಇಟಿಎಫ್‌ಗೆ ಅದನ್ನು ಮಾಡಿಸುವುದಿಲ್ಲ.

ವೃತ್ತಿಪರ ಹೂಡಿಕೆದಾರ ಎಂದು ನೋಂದಾಯಿಸಿಕೊಂಡರೆ ಈ ತಡೆ ಇರುವುದಿಲ್ಲ. ಅದಕ್ಕೆ ಮೂರರಲ್ಲಿ ಎರಡು ಷರತ್ತು ಪೂರೈಸಬೇಕು: ಐದು ಲಕ್ಷ ಯೂರೋ ಮೀರಿದ ಹೂಡಿಕೆ, ಕಳೆದ ಒಂದು ವರ್ಷ ಪ್ರತಿ ತ್ರೈಮಾಸಿಕದಲ್ಲಿ ಸರಾಸರಿ ಹತ್ತು ದೊಡ್ಡ ವಹಿವಾಟು, ಹಣಕಾಸು ವಲಯದಲ್ಲಿ ಕನಿಷ್ಠ ಒಂದು ವರ್ಷದ ಸಂಬಂಧಪಟ್ಟ ಕೆಲಸ. ಇದಕ್ಕಾಗಿ ಒದ್ದಾಡುವುದು ಬೇಡ ಎಂದೇ ನನ್ನ ಸಲಹೆ. ಆ ನೋಂದಣಿಯಾದರೆ ಸಾಮಾನ್ಯ ಗ್ರಾಹಕರಿಗಿರುವ ಕೆಲವು ರಕ್ಷಣೆಗಳು ಹೋಗುತ್ತವೆ. ಜೊತೆಗೆ ಅಮೆರಿಕದ ಫಂಡ್ ನಿಮ್ಮ ಹೆಸರಿನಲ್ಲಿದ್ದಾಗ ಸಾವು ಬಂದರೆ, ಎರಡು ದೇಶಗಳ ತೆರಿಗೆ ಒಪ್ಪಂದದ ರಕ್ಷಣೆ ಇಲ್ಲದವರಿಗೆ 60,000 ಡಾಲರ್ ಮೇಲಿನ ಮೊತ್ತಕ್ಕೆ ಅಮೆರಿಕದ ಆಸ್ತಿ ತೆರಿಗೆ ಬೀಳುತ್ತದೆ. ಐರ್ಲೆಂಡಿನಲ್ಲಿ ನೋಂದಣಿಯಾದ ಫಂಡ್‌ಗೆ ಆ ಕಾಟ ಇಲ್ಲ.

ಹೀಗಾಗಿ ನೀವು ಹುಡುಕಬೇಕಾದ್ದು ಯುಸಿಟ್ಸ್ (ಯೂರೋಪಿನ ಫಂಡ್ ನಿಯಮಕ್ಕೆ ಒಳಪಟ್ಟದ್ದು ಎಂಬ ಗುರುತು) ಎಂದು ಹೆಸರಿನಲ್ಲಿರುವ ಇಟಿಎಫ್. ಫಂಡ್‌ನ ಗುರುತಿನ ಸಂಖ್ಯೆಯಾದ ಐಸಿನ್, ಐಇ ಎಂಬ ಅಕ್ಷರಗಳಿಂದ ಶುರುವಾದರೆ ಐರ್ಲೆಂಡ್, ಎಲ್‌ಯು ಆದರೆ ಲಕ್ಸೆಂಬರ್ಗ್. ಇದೂ ಮುಖ್ಯ. ಐರ್ಲೆಂಡಿನ ಫಂಡ್‌ಗೆ ಅಮೆರಿಕದ ಡಿವಿಡೆಂಡ್ ಮೇಲೆ ಶೇ 15 ಕಡಿತವಾದರೆ, ಲಕ್ಸೆಂಬರ್ಗಿನದಕ್ಕೆ ಸಾಮಾನ್ಯವಾಗಿ ಶೇ 30 ಆಗುತ್ತದೆ.

ಹಂತ 3: ಎರಡು ಬಗೆಯ ಫಂಡ್, ಜೊತೆಗೆ ದೂರ ಇಡಬೇಕಾದ ಒಂದು

ಮೊದಲನೆಯದು ನಿಯಮದ ಪ್ರಕಾರ ನಡೆಯುವುದು. ಗ್ಲೋಬಲ್ ಎಕ್ಸ್ ಕಂಪನಿಯ ನಾಸ್ಡಾಕ್ 100 ಕವರ್ಡ್ ಕಾಲ್ ಯುಸಿಟ್ಸ್ ಇಟಿಎಫ್ ಈ ಬಗೆಯದು (ನಾಸ್ಡಾಕ್ 100 ಎಂದರೆ ಅಮೆರಿಕದ ನಾಸ್ಡಾಕ್ ಪೇಟೆಯ ದೊಡ್ಡ ಕಂಪನಿಗಳ ಸೂಚ್ಯಂಕ). 2022ರ ಕೊನೆಯಲ್ಲಿ ಯೂರೋಪಿಗೆ ಬಂತು, ವಾರ್ಷಿಕ ಖರ್ಚು ಶೇ 0.45. ಪ್ರತಿ ತಿಂಗಳು ಆಗಿನ ಬೆಲೆಯ ಮಟ್ಟದಲ್ಲೇ, ಇರುವ ಹೂಡಿಕೆ ಅಷ್ಟಕ್ಕೂ ಕಾಲ್ ಮಾರುತ್ತದೆ. ಪ್ರೀಮಿಯಂ ದೊಡ್ಡದು. ಏರಿಕೆಯ ಪಾಲು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ.

ಎರಡನೆಯದು ಮ್ಯಾನೇಜರ್ ನಡೆಸುವುದು. 2023ರ ಕೊನೆಯಲ್ಲಿ ಬಂದ ಜೆಪಿಮಾರ್ಗನ್ ಗ್ಲೋಬಲ್ ಇಕ್ವಿಟಿ ಪ್ರೀಮಿಯಂ ಇನ್ಕಮ್ ಯುಸಿಟ್ಸ್ ಇಟಿಎಫ್ ಇದಕ್ಕೆ ಉದಾಹರಣೆ, ಖರ್ಚು ಶೇ 0.35. ಅದೇ ಕಂಪನಿಯ ಅಮೆರಿಕ ಮತ್ತು ನಾಸ್ಡಾಕ್ ಆವೃತ್ತಿಗಳು 2024ರಲ್ಲಿ ಬಂದವು. ಇಲ್ಲಿ ಷೇರುಗಳನ್ನು ಆರಿಸಿ ಕೊಳ್ಳುತ್ತಾರೆ. ಕಾಲನ್ನು ಈಗಿನ ಬೆಲೆಗಿಂತ ಸ್ವಲ್ಪ ಮೇಲಿನ ಮಟ್ಟದಲ್ಲಿ ಮಾರುತ್ತಾರೆ. ಹಂಚಿಕೆ ಕಡಿಮೆ, ಏರಿಕೆಯಲ್ಲಿ ಒಂದಿಷ್ಟು ಪಾಲು ಉಳಿಯುತ್ತದೆ. ಎರಡರಲ್ಲಿ ಒಂದನ್ನು ಕೊಳ್ಳಲೇಬೇಕು ಎಂದರೆ ನಾನು ಈ ಕಡೆ ವಾಲುತ್ತೇನೆ.

ದೂರ ಇಡಬೇಕಾದ್ದು ಒಂದೇ ಕಂಪನಿಯ ಷೇರಿನ ಮೇಲೆ ಆಪ್ಷನ್ ಮಾರಿ ಶೇ 30, ಶೇ 50 ಎಂದು ತೋರಿಸುವ ಉತ್ಪನ್ನಗಳನ್ನು. ಇವುಗಳಲ್ಲಿ ಹಲವು ಯುಸಿಟ್ಸ್ ಫಂಡ್‌ಗಳೇ ಅಲ್ಲ, ಇಟಿಪಿ ಎನ್ನುವ ಸಾಲಪತ್ರಗಳು. ಅಷ್ಟು ದೊಡ್ಡ ಪ್ರೀಮಿಯಂ ಸಿಗುವುದು ಆ ಷೇರು ಅಷ್ಟು ಜೋರಾಗಿ ಬೀಳಬಲ್ಲದು ಎಂದು ಮಾರುಕಟ್ಟೆ ಎಣಿಸಿರುವುದರಿಂದ. ಮನೆಯ ಖರ್ಚಿಗೆ ನಂಬಿಕೊಳ್ಳುವ ದುಡ್ಡು ಅಲ್ಲಿ ಇರಬಾರದು.

ಹಂತ 4: ಹಂಚಿಕೆಯ ಶೇಕಡಾ ಬಿಡಿ, ಒಟ್ಟು ಗಳಿಕೆ ನೋಡಿ

ನಿಮ್ಮ ಹತ್ತಿರ ಒಂದೇ ಹಂತಕ್ಕೆ ಸಮಯ ಇದ್ದರೆ ಇದನ್ನು ಮಾಡಿ.

ಯೂರೋಪಿನ ಫಂಡ್‌ಗಳ ಇತಿಹಾಸ ಚಿಕ್ಕದು. ಆದ್ದರಿಂದ ಅಮೆರಿಕದ ಕ್ಯೂವೈಎಲ್‌ಡಿಯನ್ನು ನೋಡೋಣ. ಅದು 2013ರ ಡಿಸೆಂಬರ್‌ನಿಂದ ಇದೆ, ವಿಧಾನವೂ ಮೇಲೆ ಹೇಳಿದ ಗ್ಲೋಬಲ್ ಎಕ್ಸ್ ಫಂಡ್‌ನದೇ. 2022ರಲ್ಲಿ ನಾಸ್ಡಾಕ್ 100 ಡಿವಿಡೆಂಡ್ ಸೇರಿಸಿ ಸುಮಾರು ಶೇ 32 ಬಿತ್ತು. ಕ್ಯೂವೈಎಲ್‌ಡಿ ಹಂಚಿಕೆಯೆಲ್ಲ ಸೇರಿಸಿ ಸುಮಾರು ಶೇ 19 ಬಿತ್ತು. ಕಡಿಮೆ ಬಿದ್ದಿತಲ್ಲ, ಒಳ್ಳೆಯದೇ ಅನಿಸುತ್ತದೆ. 2023ರಲ್ಲಿ ನಾಸ್ಡಾಕ್ 100 ಸುಮಾರು ಶೇ 55 ಏರಿತು. ಕ್ಯೂವೈಎಲ್‌ಡಿ ಸುಮಾರು ಶೇ 23.

ಎರಡೂ ವರ್ಷ ಕೂಡಿಸಿ. ಸೂಚ್ಯಂಕದಲ್ಲಿದ್ದ 100, ಎರಡು ವರ್ಷಕ್ಕೆ ಸುಮಾರು 105 ಆಯಿತು. ಕ್ಯೂವೈಎಲ್‌ಡಿಯಲ್ಲಿದ್ದ 100, ಬಂದ ಹಂಚಿಕೆಯನ್ನೆಲ್ಲ ಮತ್ತೆ ಹಾಕಿದ್ದರೂ ಸುಮಾರು 100ಕ್ಕೇ ಬಂದು ನಿಂತಿತು. ಸೂಚ್ಯಂಕ ಬೀಳುವಾಗ ಫಂಡ್ ಅದರ ಅರ್ಧಕ್ಕಿಂತ ಜಾಸ್ತಿ ಬೀಳುತ್ತದೆ. ಏರುವಾಗ ಅರ್ಧಕ್ಕಿಂತ ಕಡಿಮೆ ಏರುತ್ತದೆ. ಬಿದ್ದ ತಿಂಗಳ ಬೆಲೆಯಲ್ಲಿ ಹೊಸ ಕಾಲ್ ಮಾರಿದ ಮೇಲೆ, ಅಲ್ಲಿಂದ ಮೇಲೇಳುವ ಲಾಭ ಬೇರೆಯವರ ಕೈಯಲ್ಲಿರುತ್ತದೆ. ಅದಕ್ಕೇ ಚೇತರಿಕೆ ನಿಧಾನ.

ಹಂಚಿಕೆಯನ್ನು ಖರ್ಚು ಮಾಡಿದವರ ಕಥೆ ಯೂನಿಟ್ ಬೆಲೆಯಲ್ಲಿ ಕಾಣುತ್ತದೆ. ಶುರುವಿನಲ್ಲಿ ಸುಮಾರು 25 ಡಾಲರ್ ಇದ್ದ ಯೂನಿಟ್ 2024ರ ಕೊನೆಗೆ ಸುಮಾರು 18 ಡಾಲರ್. ಅದೇ ಅವಧಿಯಲ್ಲಿ ನಾಸ್ಡಾಕ್ 100 ಸುಮಾರು 3,500ರಿಂದ 21,000ಕ್ಕೆ ಹೋಯಿತು. ನಡುವೆ ಸಿಕ್ಕ ಹಂಚಿಕೆ ದೊಡ್ಡದೇ, ಒಟ್ಟಾರೆ ನಷ್ಟ ಆಗಲಿಲ್ಲ, ಅದನ್ನು ಒಪ್ಪಬೇಕು. ಆದರೆ ಯೂನಿಟ್ ಬೆಲೆ ಕುಗ್ಗಿದರೆ ಮುಂದಿನ ಹಂಚಿಕೆಯೂ ಕುಗ್ಗುತ್ತದೆ. ಶೇ 12 ಎನ್ನುವುದು 25ರ ಮೇಲೆ 3, 18ರ ಮೇಲೆ ಬರೀ 2.16. ಬೆಲೆಯೇರಿಕೆ ಬೇರೆ ಮನೆಖರ್ಚನ್ನು ಹೆಚ್ಚಿಸುತ್ತಿರುತ್ತದೆ.

ನೀವು ಮಾಡಬೇಕಾದ್ದು ಇಷ್ಟು. ಫಂಡ್ ಹೋಲಿಸುವ ಯಾವುದಾದರೂ ತಾಣದಲ್ಲಿ ಹಂಚಿಕೆ ಸೇರಿಸಿದ ಗ್ರಾಫ್ ತೆರೆಯಿರಿ. ಪಕ್ಕದಲ್ಲಿ ಅದೇ ಸೂಚ್ಯಂಕದ ಸಾದಾ ಇಟಿಎಫ್ ಹಾಕಿ. ಬರೀ ಬೆಲೆಯ ಗ್ರಾಫ್ ಎರಡಕ್ಕೂ ಅನ್ಯಾಯ ಮಾಡುತ್ತದೆ, ಅದನ್ನು ನೋಡಬೇಡಿ. ಮಾರುಕಟ್ಟೆ ಬಿದ್ದು ಎದ್ದ ಒಂದು ಪೂರ್ತಿ ಸುತ್ತು ಆ ಅವಧಿಯಲ್ಲಿರಲಿ. ಬರೀ ಬಿದ್ದ ವರ್ಷವನ್ನೋ ಏರಿದ ವರ್ಷವನ್ನೋ ತೋರಿಸಿ ಮಾತಾಡುವವರನ್ನು ನಂಬಬೇಡಿ.

ಹಂತ 5: ನಿಮ್ಮ ದೇಶದ ತೆರಿಗೆ ಹಾಕಿ ಲೆಕ್ಕ ಮಾಡಿ

ಫಂಡ್ ಒಂದೇ ಆದರೂ ಬರ್ಲಿನ್, ಐಂಡ್‌ಹೋವನ್, ಡಬ್ಲಿನ್‌ಗಳಲ್ಲಿ ಕೈಗೆ ಉಳಿಯುವ ದುಡ್ಡು ಬೇರೆ ಬೇರೆ.

ಜರ್ಮನಿಯಿಂದ ಶುರು ಮಾಡೋಣ. ಅಲ್ಲಿ ಹೂಡಿಕೆ ಆದಾಯಕ್ಕೆ ಶೇ 25, ಅದರ ಮೇಲೆ ಸೋಲಿ ಎನ್ನುವ ಹೆಚ್ಚುವರಿ ತೆರಿಗೆ ಸೇರಿ ಶೇ 26.375. ಚರ್ಚ್ ತೆರಿಗೆ ಬೇರೆ, ಇದ್ದವರಿಗೆ. ವರ್ಷಕ್ಕೆ ಒಬ್ಬರಿಗೆ 1,000 ಯೂರೋ ವಿನಾಯಿತಿ. ಫಂಡ್‌ನ ಅರ್ಧಕ್ಕಿಂತ ಹೆಚ್ಚು ಷೇರುಗಳಲ್ಲಿದ್ದರೆ ಆದಾಯದ ಶೇ 30ಕ್ಕೆ ತೆರಿಗೆ ಇಲ್ಲ. ಇದನ್ನು ಟೈಲ್‌ಫ್ರೈಸ್ಟೆಲುಂಗ್ ಎನ್ನುತ್ತಾರೆ. ಷೇರು ಕೊಳ್ಳದೆ, ಅವುಗಳ ಗಳಿಕೆಗಾಗಿ ಬ್ಯಾಂಕಿನ ಜೊತೆ ಸ್ವಾಪ್ ಎನ್ನುವ ಒಪ್ಪಂದ ಮಾಡಿಕೊಳ್ಳುವ ಫಂಡ್ ಆದರೆ ಈ ವಿನಾಯಿತಿ ಸಿಗುತ್ತದೋ ಇಲ್ಲವೋ ಎಂದು ಬ್ರೋಕರ್ ಪುಟದಲ್ಲಿ ತಪ್ಪದೆ ನೋಡಿ.

50,000 ಯೂರೋ ಹಾಕಿದ್ದೀರಿ, ವರ್ಷಕ್ಕೆ ಶೇ 8ರಂತೆ 4,000 ಬಂತು. ಶೇ 30 ಬಿಟ್ಟು 2,800. ವಿನಾಯಿತಿ 1,000 ಕಳೆದು 1,800. ತೆರಿಗೆ ಸುಮಾರು 475 ಯೂರೋ. ಟೈಲ್‌ಫ್ರೈಸ್ಟೆಲುಂಗ್ ಇಲ್ಲದಿದ್ದರೆ ಸುಮಾರು 791.

ಇನ್ನೊಂದು ದಾರಿ ನೋಡಿ. ಅದೇ 50,000 ಸಾದಾ ಸೂಚ್ಯಂಕ ಫಂಡ್‌ನಲ್ಲಿದೆ, ಹಂಚದೆ ಒಳಗೇ ಕೂಡಿಡುವ ಬಗೆ. ನಿಮಗೆ 4,000 ಬೇಕಾದಾಗ ಅಷ್ಟು ಯೂನಿಟ್ ಮಾರುತ್ತೀರಿ. ಆ 4,000ದಲ್ಲಿ ಲಾಭದ ಪಾಲು 1,000 ಎನ್ನಿ, ಉಳಿದದ್ದು ನಿಮ್ಮದೇ ಅಸಲು. ತೆರಿಗೆ ಲೆಕ್ಕಕ್ಕೆ ಬರುವುದು 700 ಮಾತ್ರ. ಕೂಡಿಡುವ ಫಂಡ್‌ಗೆ ವರ್ಷವರ್ಷ ಬೀಳುವ ಫೋರಾಬ್‌ಪೌಷಾಲೆಯನ್ನು (ಮುಂಚೆಯೇ ಊಹಿಸಿ ತೆರಿಗೆ ಹಾಕುವ ಗಳಿಕೆ) 2025ರ ಶೇ 2.53 ದರ ಇಟ್ಟು ಸೇರಿಸಿದರೂ ಒಟ್ಟು ತೆರಿಗೆ 100 ಯೂರೋ ಒಳಗೇ. ತೆರಿಗೆಗೆ ಮುಂಚೆ ಕೈಗೆ ಸಿಕ್ಕ ದುಡ್ಡು ಎರಡೂ ಕಡೆ 4,000. ಹೂಡಿಕೆ ಹಳೆಯದಾಗುತ್ತಾ ಹೋದ ಹಾಗೆ ಲಾಭದ ಪಾಲು ಜಾಸ್ತಿಯಾಗಿ ಈ ಅಂತರ ಕಡಿಮೆಯಾಗುತ್ತದೆ, ನಿಜ. ಆದರೂ ಯೂನಿಟ್ ಮಾರುವುದು ಎಂದರೆ ಆಸ್ತಿ ಕರಗಿಸುವುದು, ಹಂಚಿಕೆ ಎಂದರೆ ಆದಾಯ ಎಂದು ತಿಳಿದಿರುವವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಹಂಚಿಕೆ ಕೊಟ್ಟ ದಿನ ಫಂಡ್‌ನ ಬೆಲೆಯೂ ಅಷ್ಟೇ ಇಳಿಯುತ್ತದೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಬಾಕ್ಸ್ 3 ಇದೆ. ಅಲ್ಲಿ ಹಂಚಿಕೆಗೆ ಬೇರೆ ತೆರಿಗೆ ಇಲ್ಲ, ಜನವರಿ 1ರ ಆಸ್ತಿಯ ಮೇಲೆ ಊಹಿಸಿದ ಗಳಿಕೆಗೆ ತೆರಿಗೆ. ನಿಜವಾದ ಗಳಿಕೆ ಅದಕ್ಕಿಂತ ಕಡಿಮೆ ಇದ್ದರೆ ಅದನ್ನು ತೋರಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ ಸದ್ಯಕ್ಕೆ ಹಂಚುವ ಫಂಡ್‌ನಿಂದ ತೆರಿಗೆಯ ತೊಂದರೆ ಅಲ್ಲಿ ಕಡಿಮೆ. ಹಂತ 4ರ ತೊಂದರೆ ಮಾತ್ರ ಹಾಗೇ ಇರುತ್ತದೆ.

ಐರ್ಲೆಂಡಿನಲ್ಲಿರುವವರಿಗೆ ಇಟಿಎಫ್ ಎಂದರೇ ಭಾರ. ಹಂಚಿಕೆಗೂ ಲಾಭಕ್ಕೂ ಶೇ 41 ಇತ್ತು, 2026ರಿಂದ ಶೇ 38. ಮಾರದಿದ್ದರೂ ಎಂಟು ವರ್ಷಕ್ಕೊಮ್ಮೆ ಮಾರಿದಂತೆ ಎಣಿಸಿ ತೆರಿಗೆ ಕೇಳುತ್ತಾರೆ. ಶೇ 8 ಹಂಚಿಕೆಯಲ್ಲಿ ಕೈಗೆ ಉಳಿಯುವುದು ಶೇ 5ಕ್ಕಿಂತ ಕಡಿಮೆ. ಡಬ್ಲಿನ್ ಗೆಳೆಯರು ಮೊದಲು ಪಿಂಚಣಿ ಖಾತೆಯನ್ನು ತುಂಬಿಸಿ, ಇದರ ಯೋಚನೆ ಆಮೇಲೆ.

ಇಟಲಿಯಲ್ಲಿ ಶೇ 26, ಬೆಲ್ಜಿಯಂನಲ್ಲಿ ಹಂಚಿಕೆಗೆ ಶೇ 30. ಬ್ರಿಟನ್ನಿನವರು ಐಸಾ ಖಾತೆಯೊಳಗೆ ಇಟ್ಟರೆ ತೆರಿಗೆಯೇ ಇಲ್ಲ, ವರ್ಷಕ್ಕೆ 20,000 ಪೌಂಡ್ ಹಾಕಬಹುದು.

ಹಂತ 6: ಡಾಲರ್ ಎಲ್ಲಿದೆ ನೋಡಿ

ಫ್ರಾಂಕ್‌ಫರ್ಟಿನ ಕ್ಸೆಟ್ರಾ ಷೇರು ಪೇಟೆಯಲ್ಲಿ ಯೂರೋ ಬೆಲೆ ಕಾಣುತ್ತದೆ ಎಂದ ಮಾತ್ರಕ್ಕೆ ಡಾಲರ್ ಅಪಾಯ ಹೋಗುವುದಿಲ್ಲ. ಒಳಗಿನ ಷೇರುಗಳು ಹೆಚ್ಚಿನವು ಅಮೆರಿಕದವೇ. 2025ರ ಆರಂಭದಲ್ಲಿ ಒಂದು ಯೂರೋಗೆ ಸುಮಾರು 1.04 ಡಾಲರ್ ಇತ್ತು. ಜುಲೈ ಹೊತ್ತಿಗೆ ಸುಮಾರು 1.18. ಜನವರಿಯಲ್ಲಿ 1,000 ಡಾಲರ್ ಹಂಚಿಕೆ ಯೂರೋದಲ್ಲಿ ಸುಮಾರು 960 ಆಗುತ್ತಿದ್ದದ್ದು ಜುಲೈನಲ್ಲಿ ಸುಮಾರು 850. ಬಾಡಿಗೆ ಕಟ್ಟೋದು ಯೂರೋದಲ್ಲಿ. ತಿಂಗಳ ಹಂಚಿಕೆಯನ್ನೇ ನಂಬಿ ಬಾಡಿಗೆಯ ಲೆಕ್ಕ ಹಾಕಿದ್ದರೆ ಇದು ಸಣ್ಣ ಪೆಟ್ಟಲ್ಲ.

ಹಂತ 7: ಕೆಐಡಿ ಓದಿ, ಆಮೇಲೆ ಆರ್ಡರ್ ಹಾಕಿ

ಕೆಐಡಿಯಲ್ಲಿ 1ರಿಂದ 7ರವರೆಗೆ ಅಪಾಯದ ಅಂಕಿ ಇರುತ್ತದೆ. ಅದಕ್ಕಿಂತ ಖರ್ಚಿನ ಪಟ್ಟಿ ಮುಖ್ಯ. ವಾರ್ಷಿಕ ಶುಲ್ಕದ ಕೆಳಗೆ ವಹಿವಾಟು ವೆಚ್ಚ ಎಂದು ಬೇರೆ ಸಾಲು ಇದೆ. ಪದೇ ಪದೇ ಆಪ್ಷನ್ ಮಾರುವ ಫಂಡ್‌ನಲ್ಲಿ ಎರಡನ್ನೂ ಕೂಡಿಸಿ ನೋಡಬೇಕು. ಹಂಚುವ ಬಗೆಯೋ ಕೂಡಿಡುವ ಬಗೆಯೋ ಎಂದೂ ಪರೀಕ್ಷಿಸಿ. ಒಂದೇ ಫಂಡ್‌ಗೆ ಎರಡೂ ಇರುತ್ತವೆ, ಐಸಿನ್ ಬೇರೆ. ಕೂಡಿಡುವ ಕವರ್ಡ್ ಕಾಲ್ ಫಂಡ್ ಕೊಳ್ಳುವುದಕ್ಕೆ ನನಗೆ ಕಾರಣವೇ ಕಾಣುವುದಿಲ್ಲ. ದುಡ್ಡು ಕೈಗೆ ಬೇಡ ಎಂದ ಮೇಲೆ ಏರಿಕೆಯನ್ನು ಮಾರುವುದು ಯಾಕೆ?

ಆರ್ಡರ್ ಹಾಕುವಾಗ ಬೆಲೆ ನಿಗದಿ ಮಾಡುವ ಲಿಮಿಟ್ ಆರ್ಡರ್ ಬಳಸಿ. ಜರ್ಮನಿ ಸಮಯ ಮಧ್ಯಾಹ್ನ 3.30ಕ್ಕೆ ನ್ಯೂಯಾರ್ಕ್ ತೆರೆಯುತ್ತದೆ. ಅದಾದ ಮೇಲೆ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೇ ಕೊಳ್ಳುವ ಅವಸರ ಬೇಡ.

ಹಂತ 8: ಎಷ್ಟು ಹಾಕಬೇಕು

ಸಂಬಳ ಬರುತ್ತಿರುವ, ನಿವೃತ್ತಿಗೆ ಇಪ್ಪತ್ತು ವರ್ಷ ಇರುವವರಿಗೆ ಈ ಫಂಡ್ ಬೇಡ. ಬರುವ ಹಂಚಿಕೆಯನ್ನು ತೆರಿಗೆ ಕಟ್ಟಿ ಮತ್ತೆ ಅದರಲ್ಲೇ ಹಾಕುವುದು ಸುಮ್ನೆ ದುಡ್ಡು ಸೋರಿಸುವ ಕೆಲಸ. ಸಾದಾ ವಿಶ್ವ ಸೂಚ್ಯಂಕ ಫಂಡ್ ಸಾಕು.

ನಿವೃತ್ತರಾದವರು, ಕೆಲಸ ಬಿಟ್ಟು ಒಂದೆರಡು ವರ್ಷ ಮಕ್ಕಳ ಜೊತೆ ಇರಬೇಕೆನ್ನುವವರು, ಮಾರುಕಟ್ಟೆ ಬಿದ್ದಾಗ ಯೂನಿಟ್ ಮಾರಲು ಕೈ ಬಾರದವರು, ಇವರಿಗೆ ಒಂದು ಪಾಲು ಇರಬಹುದು. ಷೇರುಗಳಿಗೆಂದು ಇಟ್ಟಿರುವ ಹಣದಲ್ಲಿ ಐದನೇ ಒಂದು ಪಾಲು ದಾಟದಿರಲಿ ಎಂದು ನನ್ನ ಅಭಿಪ್ರಾಯ. ತುರ್ತು ಖರ್ಚಿನ ದುಡ್ಡು ಬ್ಯಾಂಕಿನಲ್ಲೇ ಇರಲಿ. ತಿಂಗಳ ಹಂಚಿಕೆ ಏರಿಳಿಯುತ್ತದೆ. ಮಾರುಕಟ್ಟೆ ಶಾಂತವಾಗಿದ್ದಾಗ ಪ್ರೀಮಿಯಂ ಸಣ್ಣದಾಗುತ್ತದೆ, ಗಾಬರಿಯಲ್ಲಿದ್ದಾಗ ದೊಡ್ಡದಾಗುತ್ತದೆ. ಕಳೆದ ವರ್ಷದ ಅತಿ ಕಡಿಮೆ ತಿಂಗಳನ್ನು ಹಿಡಿದು ಖರ್ಚಿನ ಲೆಕ್ಕ ಹಾಕಿ.

ಹಂತ 9: ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ

ಬೆಂಗಳೂರಿಗೋ ಮೈಸೂರಿಗೋ ಮರಳುವವರಿಗೆ ಭಾರತದ ತೆರಿಗೆಯಲ್ಲಿ ಆರ್‌ಎನ್‌ಒಆರ್ ಎನ್ನುವ ಸ್ಥಾನಮಾನ ಸಿಗುತ್ತದೆ. ಹೊರಗಿದ್ದ ವರ್ಷಗಳನ್ನು ನೋಡಿ ಸಾಮಾನ್ಯವಾಗಿ ಎರಡು, ಮೂರು ವರ್ಷ. ಆ ಅವಧಿಯಲ್ಲಿ ವಿದೇಶಿ ಫಂಡ್ ಹಂಚಿದ ಹಣ ವಿದೇಶದ ಖಾತೆಗೇ ಬಂದರೆ ಭಾರತದಲ್ಲಿ ತೆರಿಗೆ ಇಲ್ಲ. ಅದು ಮುಗಿದ ಮೇಲೆ ಹಂಚಿಕೆ ನಿಮ್ಮ ಸ್ಲ್ಯಾಬ್ ದರಕ್ಕೆ ಬರುತ್ತದೆ, ಶೇ 30ರಲ್ಲಿರುವವರಿಗೆ ಶೇ 30. ಷೇರು ಫಂಡನ್ನು 24 ತಿಂಗಳ ಮೇಲೆ ಇಟ್ಟು ಮಾರಿದ ಲಾಭಕ್ಕೆ ಶೇ 12.5 ಮಾತ್ರ. ಅಂದರೆ ಹಂಚುವ ಫಂಡ್‌ಗೆ ಊರಲ್ಲೂ ತೆರಿಗೆ ಜಾಸ್ತಿ. ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ) ಭಾಗದಲ್ಲಿ ಈ ಯೂನಿಟ್‌ಗಳನ್ನು ತೋರಿಸಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡಕ್ಕೆ ಕಾನೂನಿನಲ್ಲಿ ಅವಕಾಶ ಇದೆ.

ವಿಮಾನದ ಟಿಕೆಟ್ ತೆಗೆಯುವ ಮುಂಚೆ ಬ್ರೋಕರ್‌ಗೆ ಒಂದು ಇಮೇಲ್ ಬರೆಯಿರಿ. ವಿಳಾಸ ಭಾರತಕ್ಕೆ ಬದಲಾದರೆ ಖಾತೆ ಇಟ್ಟುಕೊಳ್ಳುತ್ತಾರೋ, ಮುಚ್ಚಿಸುತ್ತಾರೋ ಕೇಳಿ. ಯೂರೋಪಿನ ಹಲವು ಬ್ರೋಕರ್‌ಗಳು ಬೇರೆ ಖಂಡದ ವಿಳಾಸಕ್ಕೆ ಒಪ್ಪುವುದಿಲ್ಲ. ಮುಚ್ಚುವುದಾದರೆ ಯೂನಿಟ್‌ಗಳನ್ನು ಬೇರೆ ಬ್ರೋಕರ್‌ಗೆ ವರ್ಗಾಯಿಸಲು ವಾರಗಟ್ಟಲೆ ಹಿಡಿಯಬಹುದು. ಆ ಉತ್ತರವನ್ನು ಬರಹದಲ್ಲೇ ಪಡೆದು ಇಟ್ಟುಕೊಳ್ಳಿ.